ಫೈಬರ್ ಮುಗಿದಲ್ಲಿಂದ ಮನೆಯವರೆಗೆ: ಅಭಿವೃದ್ಧಿಶೀಲ ದೇಶಗಳಿಗೆ ನಿಸ್ತಂತು ಬ್ರಾಡ್‌ಬ್ಯಾಂಡ್ ಆಯ್ಕೆಗಳ ಹೋಲಿಕೆ

ಒಂದು ಕಣಿವೆಗೋ ದ್ವೀಪಕ್ಕೋ ಚದುರಿದ ಹತ್ತಾರು ಹಳ್ಳಿಗಳಿಗೋ ನಿಸ್ತಂತು ಬ್ರಾಡ್‌ಬ್ಯಾಂಡ್ ಒದಗಿಸಲು ಯೋಜನೆ ಹಾಕುವವರ ಮೇಜಿಗೆ ಮೊದಲು ಬಂದು ಬೀಳುವುದು ಉಪಕರಣ ತಯಾರಕರ ಕರಪತ್ರ. ಅದರಲ್ಲಿ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಅಂಕಿ ದಪ್ಪ ಅಕ್ಷರಗಳಲ್ಲಿ ಇರುತ್ತದೆ. ಆ ಅಂಕಿಯನ್ನು ನೋಡಿಯೇ ತಂತ್ರಜ್ಞಾನವನ್ನು ಆರಿಸಿಕೊಳ್ಳುವುದು ಈ ಕ್ಷೇತ್ರದ ಹಳೆಯ ತಪ್ಪು. ಜಾಲವೊಂದು ಐದು ವರ್ಷಗಳ ನಂತರವೂ ನಡೆಯುತ್ತಿರುತ್ತದೆಯೇ ಎಂಬುದು ರೇಡಿಯೊದ ಗರಿಷ್ಠ ವೇಗಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಹತ್ತಿರದ ಆಪ್ಟಿಕಲ್ ಫೈಬರ್ ಎಲ್ಲಿ ಕೊನೆಗೊಳ್ಳುತ್ತದೆ, ಗೋಪುರದ ಬುಡದಲ್ಲಿ ವಿದ್ಯುತ್ತಿನ ಸ್ಥಿತಿ ಹೇಗಿದೆ, ಮತ್ತು ಉಪಕರಣ ಕೆಟ್ಟ ದಿನ ಆ ಗೋಪುರವನ್ನು ಹತ್ತುವವರು ಯಾರು. ಮುಂದಿನ ಹೋಲಿಕೆಯೆಲ್ಲ ಈ ಮೂರು ಪ್ರಶ್ನೆಗಳನ್ನು ಹಿಡಿದೇ ಸಾಗುತ್ತದೆ.

ಅದಕ್ಕೂ ಮೊದಲು, ಕೊರತೆ ಯಾವ ಬಗೆಯದು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸುಮಾರು 260 ಕೋಟಿ ಜನ ಅಂತರಜಾಲದ ಹೊರಗಿದ್ದರು. ಆದರೆ ಅವರೆಲ್ಲರೂ ಸಂಕೇತ ತಲುಪದ ಜಾಗಗಳಲ್ಲಿ ಇದ್ದವರಲ್ಲ. ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ 2022ರ ಕೊನೆಯ ಸ್ಥಿತಿಯನ್ನು ಲೆಕ್ಕ ಹಾಕಿದಾಗ, ಮೊಬೈಲ್ ಬ್ರಾಡ್‌ಬ್ಯಾಂಡ್ ಸಂಕೇತವೇ ಇಲ್ಲದ ಕಡೆ ಬದುಕುವವರು ಜನಸಂಖ್ಯೆಯ ಶೇ. 5ರಷ್ಟಿದ್ದರೆ, ಸಂಕೇತ ಇದ್ದೂ ಮೊಬೈಲ್ ಅಂತರಜಾಲ ಬಳಸದವರು ಶೇ. 38ರಷ್ಟಿದ್ದರು. ಮೊದಲನೆಯ ಗುಂಪಿಗೆ ಬೇಕಾದದ್ದು ಗೋಪುರ. ಎರಡನೆಯ ಗುಂಪಿಗೆ ಬೇಕಾದದ್ದು ಕೈಗೆಟುಕುವ ದರ, ಕೈಗೆಟುಕುವ ಸಾಧನ ಮತ್ತು ತಮ್ಮ ಭಾಷೆಯಲ್ಲಿ ಏನಾದರೂ ಉಪಯೋಗ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗವು, ಆರಂಭಿಕ ಹಂತದ ಬ್ರಾಡ್‌ಬ್ಯಾಂಡ್ ಸೇವೆಯ ತಿಂಗಳ ವೆಚ್ಚ ತಿಂಗಳ ತಲಾ ರಾಷ್ಟ್ರೀಯ ಆದಾಯದ ಶೇ. 2ನ್ನು ಮೀರಬಾರದು ಎಂದು 2025ರ ವೇಳೆಗೆ ಗುರಿಯಿಟ್ಟಿತ್ತು. ಹೊಸ ಗೋಪುರ ನಿಲ್ಲಿಸಿಯೂ ಈ ಮಿತಿಯೊಳಗೆ ಬರಲಾಗದಿದ್ದರೆ ಎರಡನೆಯ ಗುಂಪಿನ ಒಬ್ಬರೂ ಒಳಗೆ ಬರುವುದಿಲ್ಲ. ಆದ್ದರಿಂದ ಕೆಳಗಿನ ಪ್ರತಿ ಆಯ್ಕೆಯನ್ನೂ ತೂಗುವಾಗ ಎಷ್ಟು ದೂರ ತಲುಪುತ್ತದೆ ಎಂಬುದರ ಜೊತೆಗೇ ಒಂದು ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂಬುದನ್ನೂ ನೋಡಬೇಕು.

ಪರವಾನಗಿ ಬೇಡದ ತರಂಗಾಂತರದಲ್ಲಿ ದೂರದ ವೈ-ಫೈ

ಮನೆಯೊಳಗಿನ ವೈ-ಫೈ ನೂರು ಮೀಟರ್ ಕೂಡ ಸರಿಯಾಗಿ ತಲುಪುವುದಿಲ್ಲ ಎಂಬುದು ಎಲ್ಲರ ಅನುಭವ. ಅದೇ ಚಿಪ್ಪನ್ನು ದಿಕ್ಕುಬದ್ಧ ಆಂಟೆನಾದ ಹಿಂದೆ ಇಟ್ಟು, ಎರಡು ತುದಿಗಳೂ ಒಂದನ್ನೊಂದು ನೇರವಾಗಿ ಕಾಣುವಂತೆ ಎತ್ತರದಲ್ಲಿ ನಿಲ್ಲಿಸಿದರೆ ಹತ್ತಾರು ಕಿಲೋಮೀಟರ್ ದಾಟಬಹುದು. ವೆನೆಜುವೆಲಾದಲ್ಲಿ ಎರ್ಮಾನ್ನೊ ಪಿಯೆಟ್ರೊಸೆಮೊಲಿ ಮತ್ತು ಸಂಗಡಿಗರು 2007ರಲ್ಲಿ ಎರಡು ಬೆಟ್ಟಗಳ ನಡುವೆ 382 ಕಿ.ಮೀ. ಉದ್ದದ ವೈ-ಫೈ ಕೊಂಡಿಯನ್ನು ಸಾಧಿಸಿ ತೋರಿಸಿದರು. ಅದು ಪ್ರಯೋಗ. ದಿನನಿತ್ಯದ ಸೇವೆಗೆ 5ರಿಂದ 40 ಕಿ.ಮೀ.ವರೆಗಿನ ಕೊಂಡಿಗಳನ್ನು ನೆಚ್ಚಬಹುದು.

ಇಲ್ಲಿ ಒಂದು ತಾಂತ್ರಿಕ ತೊಡಕನ್ನು ತಿಳಿದಿರಬೇಕು, ಏಕೆಂದರೆ ಉಪಕರಣ ಆರಿಸುವಾಗ ಅದೇ ನಿರ್ಣಾಯಕವಾಗುತ್ತದೆ. ವೈ-ಫೈ ಮಾನಕದಲ್ಲಿ ದತ್ತಾಂಶದ ಪ್ರತಿ ಪೊಟ್ಟಣ (ಪ್ಯಾಕೆಟ್) ತಲುಪಿದ ಕೂಡಲೇ ಸ್ವೀಕೃತಿ ಬರಬೇಕು, ಬಾರದಿದ್ದರೆ ಕಳುಹಿಸಿದವರು ಪೊಟ್ಟಣ ಕಳೆದುಹೋಯಿತೆಂದು ಭಾವಿಸಿ ಮತ್ತೆ ಕಳುಹಿಸುತ್ತಾರೆ. ರೇಡಿಯೊ ಅಲೆ ಒಂದು ಕಿಲೋಮೀಟರ್ ಸಾಗಲು ಸುಮಾರು 3.3 ಮೈಕ್ರೊಸೆಕೆಂಡ್ ತೆಗೆದುಕೊಳ್ಳುವುದರಿಂದ 30 ಕಿ.ಮೀ. ಕೊಂಡಿಯಲ್ಲಿ ಹೋಗಿಬರುವುದಕ್ಕೇ 200 ಮೈಕ್ರೊಸೆಕೆಂಡ್ ಬೇಕು. ಮಾನಕ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಒಂದು ಕಟ್ಟಡದೊಳಗಿನ ದೂರ. ಹೀಗಾಗಿ ಸಾಮಾನ್ಯ ವೈ-ಫೈ ಉಪಕರಣ ದೂರದ ಕೊಂಡಿಯಲ್ಲಿ ಬಹುಪಾಲು ಸಮಯವನ್ನು ಕಾಯುವುದರಲ್ಲೂ ಮತ್ತೆ ಕಳುಹಿಸುವುದರಲ್ಲೂ ಕಳೆಯುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡೂ ತುದಿಗಳಿಗೆ ಮಾತನಾಡಲು ನಿಗದಿತ ಕಾಲಭಾಗಗಳನ್ನು ಹಂಚಿಕೊಡುವ ವಿಧಾನ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಯೊಂದಿಗೆ ಸೇರಿ, ಹಳ್ಳಿಗಳ ದೃಷ್ಟಿ ಕೇಂದ್ರಗಳಿಂದ ಆಸ್ಪತ್ರೆಯ ವೈದ್ಯರೊಡನೆ ವಿಡಿಯೊ ಸಮಾಲೋಚನೆ ನಡೆಸಲು ಕಟ್ಟಿದ ಜಾಲದಲ್ಲಿ ಇಂಥ ವಿಧಾನವನ್ನು ಬಳಸಿದರು. ಇಂದು ಮಾರುಕಟ್ಟೆಯಲ್ಲಿರುವ ಹೊರಾಂಗಣ 5 ಗಿಗಾಹರ್ಟ್ಸ್ ಉಪಕರಣಗಳಲ್ಲಿ ಹೆಚ್ಚಿನವು ಈ ಸೌಲಭ್ಯವನ್ನು ಹೊಂದಿವೆ. ಇಲ್ಲದ ಉಪಕರಣವನ್ನು ಅಗ್ಗವೆಂದು ಕೊಳ್ಳಬಾರದು.

ಎರಡನೆಯ ತೊಡಕು ಭೂಮಿಯದು. ಎರಡು ಆಂಟೆನಾಗಳ ನಡುವೆ ದಾರ ಎಳೆದಂತೆ ನೇರ ನೋಟ ಸಿಕ್ಕರೆ ಸಾಕು ಎಂದು ಅನೇಕರು ಭಾವಿಸುತ್ತಾರೆ, ಆದರೆ ಅಲೆ ಸಾಗುವುದು ಮಧ್ಯದಲ್ಲಿ ಉಬ್ಬಿದ ಒಂದು ಪ್ರದೇಶದ ಮೂಲಕ. ಇದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ. ಕೊಂಡಿಯ ನಡುಮಧ್ಯದಲ್ಲಿ ಆ ವಲಯದ ತ್ರಿಜ್ಯ ಸುಮಾರು 11 ಮೀಟರ್, ಅದರ ಶೇ. 60 ಭಾಗವಾದರೂ ತೆರವಾಗಿರಬೇಕು. 30 ಕಿ.ಮೀ. ಕೊಂಡಿಯಲ್ಲಾದರೆ ಭೂಮಿಯ ಉಬ್ಬು ಒಂದೇ ಮಧ್ಯದಲ್ಲಿ 13 ಮೀಟರ್ ಎತ್ತರವನ್ನು ಕಸಿದುಕೊಳ್ಳುತ್ತದೆ. ಈ ಲೆಕ್ಕವೇ ಎರಡು ಪ್ರಸಿದ್ಧ ಜಾಲಗಳ ಚಹರೆಯನ್ನು ಬೇರೆಬೇರೆ ಮಾಡಿತು. ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಗ್ರಾಮದಿಂದ ಮಹಾವೀರ ಪುನ್ ಅವರು ಬೆಳೆಸಿದ ಜಾಲಕ್ಕೆ ಹಿಮಾಲಯದ ಏಣುಗಳೇ ಗೋಪುರಗಳಾದವು. ಆ ಕೆಲಸಕ್ಕೆ 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪೆರು ದೇಶದ ನಾಪೊ ನದಿಯುದ್ದಕ್ಕೂ ಆರೋಗ್ಯ ಕೇಂದ್ರಗಳನ್ನು ಜೋಡಿಸಿದ ಜಾಲವೂ ವೈ-ಫೈಯದೇ, ಆದರೆ ಅಮೆಜಾನ್ ಕಾಡು ಸಮತಟ್ಟು, ಮರಗಳು ಎತ್ತರ. ಅಲ್ಲಿ ಕೆಲವೆಡೆ 90 ಮೀಟರ್‌ವರೆಗಿನ ಗೋಪುರಗಳನ್ನು ಎಬ್ಬಿಸಬೇಕಾಯಿತು, ಸಿಡಿಲಿಗೂ ರಕ್ಷಣೆ ಬೇಕಾಯಿತು. ರೇಡಿಯೊ ಅಗ್ಗವಾಗಿದ್ದು ಗೋಪುರ ದುಬಾರಿಯಾದರೆ ಒಟ್ಟು ಜಾಲ ದುಬಾರಿಯೇ. ಬೆಟ್ಟವಿರುವ ನಾಡಿಗೆ ಈ ಆಯ್ಕೆ ವರದಂತೆ ಒದಗುತ್ತದೆ, ದಟ್ಟ ಕಾಡಿನ ಬಯಲಿಗೆ ಹಾಗಲ್ಲ.

ಪರವಾನಗಿ ಬೇಡ ಎಂಬುದರ ಇನ್ನೊಂದು ಮುಖ ರಕ್ಷಣೆ ಇಲ್ಲ ಎಂಬುದು. ಪಟ್ಟಣದ ಅಂಚಿನಲ್ಲಿ ನಾಲ್ಕು ಸಂಸ್ಥೆಗಳು ಒಂದೇ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪ್ರಸಾರ ಮಾಡಿದರೆ ನಾಲ್ವರಿಗೂ ತೊಂದರೆ, ದೂರು ಕೊಡಲು ಜಾಗವಿಲ್ಲ. ಅಲ್ಲಿ ಮುಖ್ಯ ಕೊಂಡಿಗಳನ್ನಾದರೂ ಪರವಾನಗಿ ಪಡೆದ ಮೈಕ್ರೊವೇವ್ ಪಟ್ಟಿಗೆ ಸಾಗಿಸುವುದು ಒಳ್ಳೆಯದು. 6ರಿಂದ 8 ಗಿಗಾಹರ್ಟ್ಸ್ ಪಟ್ಟಿ ದೂರಕ್ಕೆ ಸೂಕ್ತ. 70 ಮತ್ತು 80 ಗಿಗಾಹರ್ಟ್ಸ್‌ನ ಉಪಕರಣಗಳು ಸೆಕೆಂಡಿಗೆ ಹತ್ತು ಗಿಗಾಬಿಟ್‌ನಷ್ಟು ಸಾಗಿಸಬಲ್ಲವಾದರೂ ಉಷ್ಣವಲಯದ ಬಿರುಮಳೆಯಲ್ಲಿ ಕೆಲವು ಕಿಲೋಮೀಟರ್‌ಗೇ ಸೋಲುತ್ತವೆ. 60 ಗಿಗಾಹರ್ಟ್ಸ್‌ನಲ್ಲಿ ಗಾಳಿಯ ಆಮ್ಲಜನಕವೇ ಪ್ರತಿ ಕಿಲೋಮೀಟರ್‌ಗೆ ಸುಮಾರು 15 ಡೆಸಿಬೆಲ್ (ಸಂಕೇತದ ಬಲ ಕುಗ್ಗುವುದನ್ನು ಅಳೆಯುವ ಮಾನ) ಹೀರಿಕೊಳ್ಳುವುದರಿಂದ ಅದು ಬೀದಿಯಿಂದ ಬೀದಿಗೆ ದಾಟುವ ಕೆಲಸಕ್ಕಷ್ಟೇ ಸರಿ.

ಮೊಬೈಲ್ ಜಾಲ

ಕೈಯಲ್ಲಿ ಈಗಾಗಲೇ ಫೋನ್ ಇರುವವರಿಗೆ ಹೊಸ ಉಪಕರಣವೇ ಬೇಡ ಎಂಬುದು ಮೊಬೈಲ್ ಆಯ್ಕೆಯ ದೊಡ್ಡ ಬಲ. ಇನ್ನೊಂದು ಬಲ ಕಡಿಮೆ ಆವರ್ತನ. 700 ಮೆಗಾಹರ್ಟ್ಸ್ ಅಲೆಗೂ 2,600 ಮೆಗಾಹರ್ಟ್ಸ್ ಅಲೆಗೂ ಒಂದೇ ದೂರದಲ್ಲಿ ಸುಮಾರು 11 ಡೆಸಿಬೆಲ್ ವ್ಯತ್ಯಾಸ ಬೀಳುತ್ತದೆ, ಅಂದರೆ ಶಕ್ತಿಯಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು. ಗೋಡೆ, ಮರ ಮತ್ತು ಏರುತಗ್ಗುಗಳನ್ನು ಲೆಕ್ಕಕ್ಕೆ ಹಿಡಿದರೆ ಕಡಿಮೆ ಆವರ್ತನದ ಅನುಕೂಲ ಇನ್ನೂ ದೊಡ್ಡದು. ವಿರಳ ಜನವಸತಿಯ ಪ್ರದೇಶದಲ್ಲಿ ಒಂದೇ ಗೋಪುರದಿಂದ ಅನೇಕ ಹಳ್ಳಿಗಳನ್ನು ಮುಟ್ಟಲು ಇದಕ್ಕೆ ಸಾಟಿಯಿಲ್ಲ.

ಆದರೆ ಮುಟ್ಟುವುದು ಬೇರೆ, ಸಾಕಾಗುವುದು ಬೇರೆ. 20 ಮೆಗಾಹರ್ಟ್ಸ್ ಅಗಲದ ಒಂದು ಎಲ್‌ಟಿಇ (4ಜಿ) ವಿಭಾಗ, ಅಂದರೆ ಗೋಪುರದ ಒಂದು ದಿಕ್ಕಿನ ಆಂಟೆನಾ, ದಟ್ಟಣೆಯ ಹೊತ್ತಿನಲ್ಲಿ ಎಲ್ಲ ಬಳಕೆದಾರರಿಗೂ ಸೇರಿ ಸರಾಸರಿ 30ರಿಂದ 40 ಮೆಗಾಬಿಟ್ ಕೊಡಬಲ್ಲದು. 200 ಮನೆಗಳು ಸಂಜೆ ಒಟ್ಟಿಗೆ ವಿಡಿಯೊ ನೋಡಲು ಕುಳಿತು ಮನೆಗೆ ಸರಾಸರಿ 1.5 ಮೆಗಾಬಿಟ್ ಬೇಡಿದರೂ 300 ಮೆಗಾಬಿಟ್ ಬೇಕಾಗುತ್ತದೆ. ಫೋನಿನಲ್ಲಿ ಸಂದೇಶ, ಹಣ ಪಾವತಿ, ಅಲ್ಪಸ್ವಲ್ಪ ವಿಡಿಯೊಗೆ ಒಗ್ಗುವ ಗೋಪುರವನ್ನೇ ಮನೆ, ಶಾಲೆ, ಆಸ್ಪತ್ರೆಗಳ ಸ್ಥಿರ ಬ್ರಾಡ್‌ಬ್ಯಾಂಡ್‌ಗೂ ಬಳಸಿಕೊಳ್ಳಬಹುದೆಂದು ಲೆಕ್ಕ ಹಾಕುವವರು ಈ ಗುಣಾಕಾರವನ್ನು ಒಮ್ಮೆ ಮಾಡಬೇಕು. 3.5 ಗಿಗಾಹರ್ಟ್ಸ್ ಸುತ್ತಲಿನ ಅಗಲವಾದ ಪಟ್ಟಿಗಳಲ್ಲಿ 5ಜಿ ಈ ಕೊರತೆಯನ್ನು ನಿಜವಾಗಿಯೂ ತುಂಬುತ್ತದೆ, ಆದರೆ ಆಗ ಕಡಿಮೆ ಆವರ್ತನದ ದೂರ ಕೈತಪ್ಪುತ್ತದೆ ಮತ್ತು ಗೋಪುರದ ಹಿಂದೆ ಫೈಬರ್ ಇರಲೇಬೇಕಾಗುತ್ತದೆ.

ತರಂಗಾಂತರ ರಾಷ್ಟ್ರಮಟ್ಟದ ಹರಾಜಿನಲ್ಲಿ ಮಾರಾಟವಾಗುವುದು ಇನ್ನೊಂದು ಮಿತಿ. ಕೊಂಡ ಕಂಪನಿ ದೂರದ ಹಳ್ಳಿಗಳಲ್ಲಿ ಅದನ್ನು ಬಳಸದೆ ಬಿಟ್ಟರೂ ಬೇರೆಯವರು ಮುಟ್ಟುವಂತಿಲ್ಲ. ಮೆಕ್ಸಿಕೊದ ಓಹಾಕಾ ರಾಜ್ಯದ ತಾಲೆಯಾ ದೆ ಕಾಸ್ತ್ರೊ ಗ್ರಾಮ 2013ರಲ್ಲಿ ತನ್ನದೇ ಸಮುದಾಯ ಮೊಬೈಲ್ ಜಾಲವನ್ನು ನಡೆಸತೊಡಗಿತು. 2016ರಲ್ಲಿ ಅಲ್ಲಿನ ನಿಯಂತ್ರಕರು ಆದಿವಾಸಿ ಸಮುದಾಯಗಳ ಇಂಥ ಜಾಲಗಳಿಗೆ ಸಾಮಾಜಿಕ ಬಳಕೆಯ ಪರವಾನಗಿ ಕೊಟ್ಟರು. ಪೆರು ಇನ್ನೊಂದು ದಾರಿ ಹಿಡಿಯಿತು: ಗ್ರಾಮೀಣ ಭಾಗದಲ್ಲಿ ಗೋಪುರ ಕಟ್ಟಿ, ದೊಡ್ಡ ಕಂಪನಿಗಳಿಗೆ ಅದನ್ನು ಬಾಡಿಗೆಗೆ ಕೊಡುವ ಪ್ರತ್ಯೇಕ ಬಗೆಯ ಸಂಸ್ಥೆಗಳಿಗೆ ಕಾನೂನಿನಲ್ಲೇ ಜಾಗ ಮಾಡಿಕೊಟ್ಟಿತು. ಒಂದು ದೇಶದಲ್ಲಿ ಈ ಎರಡರಲ್ಲಿ ಯಾವುದೂ ಇಲ್ಲದಿದ್ದರೆ ಮೊಬೈಲ್ ಆಯ್ಕೆ ಎಂದರೆ ದೊಡ್ಡ ಕಂಪನಿಯ ನಿರ್ಧಾರಕ್ಕಾಗಿ ಕಾಯುವುದು ಎಂದೇ ಅರ್ಥ.

ಉಪಗ್ರಹ

ಭೂಸ್ಥಿರ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿವೆ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿದು, ಉತ್ತರವೂ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಕಳೆದಿರುತ್ತದೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ವ್ಯವಸ್ಥೆಗಳು ಈ ವಿಳಂಬವನ್ನು ಹತ್ತಾರು ಮಿಲಿಸೆಕೆಂಡುಗಳಿಗೆ ಇಳಿಸಿವೆ. ಫೈಬರ್ ನೂರಾರು ಕಿಲೋಮೀಟರ್ ದೂರವಿರುವ ಮರುಭೂಮಿಯ ಶಾಲೆಗೋ ಒಂಟಿ ದ್ವೀಪದ ಆಸ್ಪತ್ರೆಗೋ ಒಂದೇ ದಿನದಲ್ಲಿ ನೂರು ಮೆಗಾಬಿಟ್‌ನ ಸಂಪರ್ಕ ಸಿಗುವುದು ಹಿಂದೆ ಯಾರೂ ನೆನೆಸಿರದ ಅನುಕೂಲ, ಅದನ್ನು ಕಡೆಗಣಿಸುವ ಕಾಲ ಮುಗಿದಿದೆ.

ಆದರೂ ಮನೆಮನೆಗೆ ಉಪಗ್ರಹದ ತಟ್ಟೆ ಎಂಬ ಯೋಜನೆಯನ್ನು ಮೂರು ಕಾರಣಗಳಿಂದ ಒಪ್ಪಲಾಗದು. ಉಪಗ್ರಹದ ಒಂದೊಂದು ಕಿರಣವೂ ವಿಶಾಲ ಪ್ರದೇಶವನ್ನು ಆವರಿಸುವುದರಿಂದ ಅದರ ಸಾಮರ್ಥ್ಯವನ್ನು ಅಲ್ಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ. 2024ರ ಕೊನೆಯಲ್ಲಿ ನೈರೋಬಿ ಮತ್ತು ಲಾಗೋಸ್ ಸುತ್ತಮುತ್ತ ಸಾಮರ್ಥ್ಯ ಭರ್ತಿಯಾಗಿ ಸ್ಟಾರ್‌ಲಿಂಕ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಎರಡನೆಯದಾಗಿ, ಕೆಳಕಕ್ಷೆಯ ತಟ್ಟೆ ಸಾಮಾನ್ಯವಾಗಿ 50ರಿಂದ 100 ವ್ಯಾಟ್ ಬಳಸುತ್ತದೆ, ಅದೇ ಮನೆಯ ಮೇಲಿನ 5 ಗಿಗಾಹರ್ಟ್ಸ್ ಗ್ರಾಹಕ ರೇಡಿಯೊಗೆ ಹತ್ತು ವ್ಯಾಟ್‌ಗಿಂತ ಕಡಿಮೆ ಸಾಕು. ಸೌರಫಲಕದ ಮೇಲೆ ಬದುಕುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. ಮೂರನೆಯದಾಗಿ, ದರ ಮತ್ತು ನಿಯಮಗಳೆರಡೂ ಒಂದು ಪರದೇಶಿ ಕಂಪನಿಯ ಕೈಯಲ್ಲಿರುತ್ತವೆ, ಸ್ಥಳೀಯವಾಗಿ ಕಲಿಯಲು, ದುರಸ್ತಿ ಮಾಡಲು, ಸಂಪಾದಿಸಲು ಹೆಚ್ಚೇನೂ ಉಳಿಯುವುದಿಲ್ಲ. ಉಪಗ್ರಹವನ್ನು ಹಳ್ಳಿಗೆ ಒಂದರಂತೆ ಬ್ಯಾಕ್‌ಹಾಲ್ ಆಗಿ, ಅಂದರೆ ಊರಿನ ಗೋಪುರವನ್ನು ಮುಖ್ಯಜಾಲಕ್ಕೆ ಕಟ್ಟುವ ಕೊಂಡಿಯಾಗಿ ಬಳಸಿ, ಅಲ್ಲಿಂದ ಮನೆಗಳಿಗೆ ವೈ-ಫೈಯಿಂದ ಹಂಚಿದರೆ ಮೂರು ದೋಷಗಳೂ ಬಹುಮಟ್ಟಿಗೆ ಕುಗ್ಗುತ್ತವೆ. ಸೇವೆಯನ್ನು ಹೀಗೆ ಮರುಹಂಚಿಕೆ ಮಾಡಲು ಒಪ್ಪಂದ ಅನುಮತಿಸುತ್ತದೆಯೇ ಎಂಬುದನ್ನು ಮಾತ್ರ ತಟ್ಟೆ ಕೊಳ್ಳುವ ಮೊದಲೇ ಓದಿ ನೋಡಬೇಕು.

ಬಂದು ಹೋದವು

ಖಾಲಿ ಬಿದ್ದ ಟಿವಿ ವಾಹಿನಿಗಳ ತರಂಗಾಂತರವನ್ನು ಬಳಸುವ ಆಲೋಚನೆ ಬಹಳ ಆಕರ್ಷಕವಾಗಿತ್ತು: ಕಡಿಮೆ ಆವರ್ತನ, ಮರಗಳನ್ನು ದಾಟುವ ಶಕ್ತಿ, ಪರವಾನಗಿಯ ಹೊರೆಯಿಲ್ಲ. 2013ರಲ್ಲಿ ಕೆನ್ಯಾದ ನನ್ಯೂಕಿ ಬಳಿ ಮೈಕ್ರೊಸಾಫ್ಟ್ ನೆರವಿನಿಂದ ಇದರ ಪ್ರಯೋಗ ನಡೆಯಿತು, ದಕ್ಷಿಣ ಆಫ್ರಿಕಾ 2018ರಲ್ಲಿ ನಿಯಮಗಳನ್ನೇ ರೂಪಿಸಿತು. ಆದರೆ ಉಪಕರಣಗಳು ಕೋಟಿಗಟ್ಟಲೆ ತಯಾರಾಗಲಿಲ್ಲ, ಹಾಗಾಗಿ ಅಗ್ಗವೂ ಆಗಲಿಲ್ಲ. ದೂರದ ನಿಸ್ತಂತು ಬ್ರಾಡ್‌ಬ್ಯಾಂಡ್‌ಗೆಂದು ರೂಪಿಸಿದ್ದ ವೈಮ್ಯಾಕ್ಸ್ ಮಾನಕದ ಕಥೆ ಇನ್ನೂ ನೋವಿನದು. ಪಾಕಿಸ್ತಾನವೂ ಸೇರಿದಂತೆ ಹಲವು ದೇಶಗಳಲ್ಲಿ 2007ರ ಆಸುಪಾಸಿನಲ್ಲಿ ದೊಡ್ಡ ಜಾಲಗಳು ಎದ್ದವು, ಎಲ್‌ಟಿಇ ಬಂದ ಮೇಲೆ ತಯಾರಕರು ಬೆನ್ನು ತಿರುಗಿಸಿದರು, ಬಿಡಿಭಾಗಗಳಿಲ್ಲದೆ ಆ ಜಾಲಗಳು ಬಡವಾದವು. ಸುಮಾರು 20 ಕಿ.ಮೀ. ಎತ್ತರದಲ್ಲಿ ತೇಲುವ ಬಲೂನುಗಳಿಂದ ಸಂಕೇತ ಕೊಡುವ ಲೂನ್ ಯೋಜನೆ 2020ರ ಜುಲೈಯಲ್ಲಿ ಕೆನ್ಯಾದಲ್ಲಿ ವಾಣಿಜ್ಯ ಸೇವೆ ಆರಂಭಿಸಿ, ವೆಚ್ಚ ತಗ್ಗಿಸಲಾಗದೆ 2021ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಪ್ರಕಟಿಸಿತು. ಇವುಗಳಿಂದ ಒಂದು ಪ್ರಾಯೋಗಿಕ ಅಳತೆಗೋಲು ದೊರೆಯುತ್ತದೆ. ಶ್ರೀಮಂತ ದೇಶಗಳ ಮನೆಗಳಲ್ಲೂ ಕಚೇರಿಗಳಲ್ಲೂ ಕೋಟಿಗಟ್ಟಲೆ ಬಳಕೆಯಾಗುವ ಚಿಪ್ಪನ್ನು ಆಧರಿಸಿದ ತಂತ್ರಜ್ಞಾನವನ್ನೇ ಆರಿಸಿಕೊಳ್ಳಬೇಕು, ಬಡ ದೇಶಗಳಿಗೆಂದೇ ವಿಶೇಷವಾಗಿ ರೂಪಿಸಿದ್ದನ್ನು ಎಚ್ಚರದಿಂದ ನೋಡಬೇಕು.

ವಿದ್ಯುತ್ತು ಮತ್ತು ಕೈಗಳು

ಅರವಿಂದ ಆಸ್ಪತ್ರೆಯ ಜಾಲವನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 2008ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಒಂದು ಮಾತು ಎದ್ದು ಕಾಣುತ್ತದೆ: ಉಪಕರಣಗಳು ಕೆಡುವುದಕ್ಕೆ ಮುಖ್ಯ ಕಾರಣ ವಿದ್ಯುತ್ತಿನ ಕಳಪೆ ಗುಣಮಟ್ಟ. ಬರೀ ಕಡಿತವಾದರೆ ಬ್ಯಾಟರಿಯಿಂದ ನಿಭಾಯಿಸಬಹುದು. ವೋಲ್ಟೇಜ್ ಏರಿಳಿತಗಳು ವಿದ್ಯುತ್ ಅಡಾಪ್ಟರನ್ನು ಸುಡುತ್ತವೆ, ರೌಟರಿನ ನೆನಪನ್ನು ಕೆಡಿಸುತ್ತವೆ, ಬ್ಯಾಟರಿಗಳನ್ನು ಅಕಾಲದಲ್ಲಿ ಕೊಲ್ಲುತ್ತವೆ. ಇದರಿಂದ ಹೊಮ್ಮುವ ಸಲಹೆ ಸರಳ: ಕಂಬದ ವಿದ್ಯುತ್ ಇದ್ದರೂ ರೇಡಿಯೊಗೆ ನೇರ ಸಂಪರ್ಕ ಕೊಡದೆ, ನಡುವೆ ಬ್ಯಾಟರಿಯನ್ನೂ ಒಳ್ಳೆಯ ಚಾರ್ಜ್ ನಿಯಂತ್ರಕವನ್ನೂ ಇಡಬೇಕು. ಕಡಿಮೆ ವಿದ್ಯುತ್ ಬಳಸುವ ವೈ-ಫೈ ಗೋಪುರಕ್ಕೆ ಇದು ಸುಲಭ, ಸಣ್ಣ ಸೌರಫಲಕವೊಂದೇ ಸಾಕಾಗಬಹುದು. ನೂರಾರು ವ್ಯಾಟ್‌ಗಳಿಂದ ಕಿಲೋವ್ಯಾಟ್‌ಗಳವರೆಗೆ ಬೇಡುವ ದೊಡ್ಡ ಮೊಬೈಲ್ ಗೋಪುರಕ್ಕೆ ಅದೇ ಕೆಲಸ ಡೀಸೆಲ್, ಕಾವಲು ಮತ್ತು ಸಾಗಣೆಯ ಖರ್ಚಾಗಿ ಬೆಳೆಯುತ್ತದೆ.

ಅದೇ ಪ್ರಬಂಧ ಹೇಳುವ ಇನ್ನೊಂದು ಸಂಗತಿಯೆಂದರೆ, ಸ್ಥಳೀಯ ಸಿಬ್ಬಂದಿಗೆ ದೋಷ ಎಲ್ಲಿದೆ ಎಂದು ಗುರುತಿಸುವುದೇ ಕಷ್ಟವಾಗುತ್ತಿತ್ತು. ಕಿತ್ತುಹೋದ ತಂತಿಗೂ ಸತ್ತ ಬ್ಯಾಟರಿಗೂ ಕೊಂಡಿ ಕೆಟ್ಟಿದೆ ಎಂಬ ಒಂದೇ ಹೆಸರು. ತರಬೇತಿಯನ್ನು ಯೋಜನೆಯ ಕೊನೆಯ ಸಾಲಿನಲ್ಲಿ ಬರೆಯುವವರಿಗೆ ಇದು ಅರ್ಥವಾಗುವುದು ತಡವಾಗಿ. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ ಮಂಕೋಸಿಯಲ್ಲಿ ಝೆಂಝೆಲೇನಿ ಎಂಬ ಸಹಕಾರ ಸಂಘದ ಮೂಲಕ ಹಳ್ಳಿಗರೇ ವೈ-ಫೈ ಜಾಲ ನಡೆಸುತ್ತಾರೆ. ಸೌರಶಕ್ತಿಯಿಂದ ಫೋನ್ ಚಾರ್ಜ್ ಮಾಡಿಕೊಟ್ಟು ಅವರು ಆರಂಭದ ಆದಾಯ ಕಂಡುಕೊಂಡರು. ಜಾಲದ ಒಡೆತನ ಊರಿನದಾದಾಗ ಗೋಪುರ ಹತ್ತುವ ಕೈಗಳೂ ಊರಿನಲ್ಲೇ ಸಿಗುತ್ತವೆ ಎಂಬುದನ್ನು ನಾನು ಈ ಇಡೀ ಹೋಲಿಕೆಯಲ್ಲಿ ಅತ್ಯಂತ ಭಾರವುಳ್ಳ ಅಂಶವೆಂದು ಎಣಿಸುತ್ತೇನೆ.

ಯಾವ ನೆಲಕ್ಕೆ ಯಾವುದು

ಫೈಬರ್ 30 ಅಥವಾ 40 ಕಿ.ಮೀ. ಒಳಗೆ ಇದ್ದು, ಮಧ್ಯೆ ಒಂದೆರಡು ಎತ್ತರದ ಜಾಗಗಳು ಸಿಕ್ಕು, ಮನೆಗಳು ಗುಂಪುಗುಂಪಾಗಿದ್ದರೆ 5 ಗಿಗಾಹರ್ಟ್ಸ್‌ನ ಕೊಂಡಿ ಮತ್ತು ಒಂದು ಗೋಪುರದಿಂದ ಹಲವು ಮನೆಗಳಿಗೆ ಹಂಚುವ ವ್ಯವಸ್ಥೆಯೇ ನನ್ನ ಮೊದಲ ಆಯ್ಕೆ. ಮನೆಗಳು ಕಿಲೋಮೀಟರ್‌ಗೊಂದರಂತೆ ಚದುರಿ ಮರಗಳ ಮರೆಯಲ್ಲಿದ್ದರೆ, ಆ ನಾಡಿನಲ್ಲಿ ಕಡಿಮೆ ಆವರ್ತನದ ಪರವಾನಗಿ ಹಂಚಿಕೊಳ್ಳುವ ದಾರಿ ಇದ್ದರೆ, ಎಲ್‌ಟಿಇ ಗೆಲ್ಲುತ್ತದೆ, ಮೇಲಿನ ಗುಣಾಕಾರದ ಮಿತಿಯನ್ನು ಒಪ್ಪಿಕೊಂಡು. ಫೈಬರ್ ನೂರು ಕಿಲೋಮೀಟರ್‌ಗೂ ಆಚೆ ಇದ್ದರೆ ಉಪಗ್ರಹದಿಂದ ಊರಿಗೆ, ವೈ-ಫೈಯಿಂದ ಮನೆಗೆ. ಪಟ್ಟಣದಂಚಿನ ದಟ್ಟ ಬಡಾವಣೆಗಳಲ್ಲಿ ಫೈಬರನ್ನೇ ಇನ್ನೊಂದು ಬೀದಿ ಮುಂದಕ್ಕೆ ಎಳೆಯುವುದು ಯಾವ ರೇಡಿಯೊಗಿಂತಲೂ ಮೇಲು. ನಿಸ್ತಂತು ಜಾಲದ ಸಾಮರ್ಥ್ಯವನ್ನು ಹಿಗ್ಗಿಸುವ ಅತ್ಯಂತ ಖಚಿತ ವಿಧಾನವೂ ಅದೇ: ಗೋಪುರಗಳ ಬುಡಕ್ಕೆ ಫೈಬರ್ ಹತ್ತಿರ ಬಂದಷ್ಟೂ ಗಾಳಿಯಲ್ಲಿ ಸಾಗಬೇಕಾದ ದೂರ ಕುಗ್ಗುತ್ತದೆ. ಆದ್ದರಿಂದ ಇಂದು ಎಬ್ಬಿಸುವ ಗೋಪುರವನ್ನು ನಾಳೆ ಫೈಬರ್ ಬರಬಹುದಾದ ರಸ್ತೆಯ ಪಕ್ಕದಲ್ಲಿ ಎಬ್ಬಿಸುವುದು ಜಾಣತನ.

ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಷರತ್ತನ್ನು ಸೇರಿಸಿಕೊಳ್ಳಿ. ಜಾಲದ ಅಂತಿಮ ಪರೀಕ್ಷೆ ಬೇಸಿಗೆಯ ಮಧ್ಯಾಹ್ನ ನಡೆಯಬಾರದು, ಏಕೆಂದರೆ ಆಗ ಎಲೆ ಉದುರಿದ ಮರಗಳ ನಡುವೆ, ಖಾಲಿ ಜಾಲದಲ್ಲಿ, ಎಲ್ಲ ಕೊಂಡಿಗಳೂ ಚೆನ್ನಾಗಿಯೇ ಕಾಣುತ್ತವೆ. ಮಳೆಗಾಲದಲ್ಲಿ, ಮರಗಳು ತುಂಬಿ ನಿಂತಿರುವಾಗ, ಸಂಜೆ ಏಳರಿಂದ ಹತ್ತರ ನಡುವೆ, ವಿದ್ಯುತ್ ಕಡಿತಗೊಂಡು ಬ್ಯಾಟರಿಯ ಮೇಲೆ ನಡೆಯುತ್ತಿರುವ ಹೊತ್ತಿನಲ್ಲಿ, ಗೋಪುರದಿಂದ ಅತಿ ದೂರದ ಮನೆಯಲ್ಲಿ ಕುಳಿತು ವೇಗವನ್ನು ಅಳೆಯಬೇಕು, ಮತ್ತು ಕೊನೆಯ ಕಂತಿನ ಹಣ ಆ ಅಳತೆಯ ನಂತರವೇ ಪಾವತಿಯಾಗಬೇಕು.